ಕಾನೂನಿನ ಪಂಡಿತರೂ ಉಳ್ಳಾರ್ತಿಯ ಕೂಲಿಕಾರರೂ

ಕಾರ್ಮಿಕ ಕಾನೂನನ್ನು ಕಲಿತವರ ಮುಂದೆ ಎರಡು ದಾರಿಗಳಿವೆ. ಮಾಲೀಕರ ಕಛೇರಿಗೆ ಸಲಹೆಗಾರರಾಗಿ ಹೋಗುವುದು ಒಂದು. ಕಾರ್ಮಿಕ ಸಂಘದ ಬಾಗಿಲಿಗೆ ಹೋಗುವುದು ಇನ್ನೊಂದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕಾರ್ಮಿಕ ಕಾನೂನಿನ ಪ್ರಾಧ್ಯಾಪಕರಾಗಿ, ಕುಲಸಚಿವರಾಗಿ ದುಡಿದ ಶ್ರೀ ಬಾಬು ಮ್ಯಾಥ್ಯೂ ಅವರು ಎರಡನೆಯದನ್ನು ಹಿಡಿದರು. ಪಾಠದ ಜೊತೆಗೆ ಕಾರ್ಮಿಕ ಸಂಘಟನೆಯ ಕೆಲಸವನ್ನೂ ಮಾಡಿದರು. ವಿದ್ವತ್ತಿಗೆ ಇದಕ್ಕಿಂತ ಹೆಚ್ಚಿನ ಸಾರ್ಥಕತೆ ಬೇಕಿಲ್ಲವೆಂದು ನಾವು ನಂಬಿದ್ದೇವೆ.

ಆದರೆ ಇಂಥವರು ಎಷ್ಟು ಮಂದಿ? ಅವರು ಕಲಿಸಿದ ವಿದ್ಯೆ ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯನ್ನು ಎಂದು ತಲುಪೀತು? ಮಳೆ ಕೈಕೊಟ್ಟ ವರ್ಷ ಶೇಂಗಾ ಹೊಲ ಒಣಗುತ್ತದೆ. ಕುರಿಗೆ ಮೇವಿಲ್ಲದಾಗುತ್ತದೆ. ಆಗ ಗಾರೆ ಕೆಲಸ ಹುಡುಕಿ ಬೆಂಗಳೂರಿನ ಬಸ್ಸು ಹತ್ತುವವನಿಗೆ ಮೇಸ್ತ್ರಿಯ ಮಾತೇ ಕಾನೂನು.

ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೂಲಿಕಾರರ ಪರವಾಗಿ ಬಂದ ಪತ್ರವೊಂದನ್ನೇ ಸುಪ್ರೀಂ ಕೋರ್ಟು ಅರ್ಜಿಯೆಂದು ಎತ್ತಿಕೊಂಡಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೆಂದು 1982ರಲ್ಲಿ ತೀರ್ಪಿತ್ತಿತು. 1983ರಲ್ಲಿ, ರಾಜಸ್ಥಾನದ ಬರಗಾಲದ ಕಾಮಗಾರಿಯಲ್ಲಿಯೂ ಸರ್ಕಾರ ಕನಿಷ್ಠ ಕೂಲಿಯನ್ನು ಕೊಡಲೇಬೇಕೆಂದು ಹೇಳಿತು. ಬರದ ನಾಡಾದ ನಮಗೆ ಇದಕ್ಕಿಂತ ಮುಖ್ಯವಾದ ತೀರ್ಪು ಯಾವುದಿದೆ? ನಮ್ಮ ಕೂಲಿಕಾರರಲ್ಲಿ ಇದನ್ನು ಬಲ್ಲವರು ವಿರಳ.

ಈಗಂತೂ ಕಾನೂನೇ ಬದಲಾಗಿದೆ. 29 ಕಾರ್ಮಿಕ ಕಾನೂನುಗಳನ್ನು ನಾಲ್ಕು ಸಂಹಿತೆಗಳೊಳಗೆ ಅಡಗಿಸಿ, 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ಜಾರಿಗೆ ತಂದಿತು. ಕನಿಷ್ಠ ಕೂಲಿ ಎಲ್ಲ ಕೆಲಸಗಾರರಿಗೂ ಸಲ್ಲಬೇಕೆಂಬ ಮಾತು ಅದರಲ್ಲಿದೆ. ಅದನ್ನು ನಾವು ಒಪ್ಪುತ್ತೇವೆ. ಆದರೆ ಸರ್ಕಾರದ ಅನುಮತಿಯಿಲ್ಲದೆ ಕಾರ್ಖಾನೆಯ ಕೆಲಸಗಾರರನ್ನು ತೆಗೆಯಬಹುದಾದ ಮಿತಿ 100ರಿಂದ 300 ಜನಕ್ಕೆ ಏರಿದೆ. ಹಿಂದೆ ಸಾರ್ವಜನಿಕ ಅವಶ್ಯಕ ಸೇವೆಗಳಿಗೆ ಮಾತ್ರವಿದ್ದ ಮುಷ್ಕರದ ಮುನ್ಸೂಚನೆಯ ಕಟ್ಟು ಈಗ ಎಲ್ಲ ಉದ್ದಿಮೆಗಳಿಗೂ ಬಿದ್ದಿದೆ. 14 ದಿನ ಮೊದಲೇ ನೋಟೀಸು ಕೊಡಬೇಕು. ಒಂದು ಕೈಯಲ್ಲಿ ಕೊಟ್ಟು, ಇನ್ನೊಂದು ಕೈಯಲ್ಲಿ ಕಸಿದುಕೊಂಡಂತಾಯಿತು.

ಕೊಟ್ಟದ್ದನ್ನು ಪಡೆಯಲೂ, ಕಸಿದದ್ದನ್ನು ಮರಳಿ ಗಳಿಸಲೂ ಮೊದಲು ಅರಿವು ಬೇಕು. ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಈ ಸಂಹಿತೆಗಳ ಸಾರವನ್ನು ಸರಳ ಕನ್ನಡದಲ್ಲಿ ಅಚ್ಚುಹಾಕಿಸಿ, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಕಾರ್ಮಿಕ ಇಲಾಖೆಯವರು ಓದಿ ತಿಳಿಸಲಿ. ಜಿಲ್ಲೆಯ ಕಾನೂನು ಅಧ್ಯಾಪಕರೂ ವಿದ್ಯಾರ್ಥಿಗಳೂ ತಿಂಗಳಿಗೊಂದು ದಿನ ಹಳ್ಳಿಗೆ ಬರಲಿ. ನಮ್ಮ ಕಾರ್ಯಕರ್ತರು ಅವರೊಡನೆ ಕೂತು ಕಲಿಯಲಿ, ಕಲಿಸಲಿ. ದೊಡ್ಡಉಳ್ಳಾರ್ತಿಯ ಕೂಲಿಕಾರ ತನ್ನ ಕೂಲಿಯ ಲೆಕ್ಕವನ್ನು ತಾನೇ ಕೇಳುವ ದಿನ, ಪ್ರಾಧ್ಯಾಪಕರ ಪಾಠ ಪೂರ್ತಿಯಾದೀತು.