ಫ್ಯೂಸನ್ನು ಬೈಯಬೇಡಿ, ಗಾಳಿಗೆ ದಾರಿ ಬಿಡಿ

ದಿಲ್ಲಿಯ ಸುತ್ತಮುತ್ತ ನವೆಂಬರ್ ಬಂತೆಂದರೆ ಬಿಸಿಲು ಹೊಗೆಯ ಹಿಂದೆ ಅವಿತುಕೊಳ್ಳುತ್ತದೆ. ಹೊರಗೆ ಹರವಿದ ಬಟ್ಟೆ ಒಣಗುವುದಿಲ್ಲ, ಒಣಗಿದರೂ ಹೊಗೆವಾಸನೆ ಹೊತ್ತು ಒಳಬರುತ್ತದೆ. ಸಾಲದ್ದಕ್ಕೆ, ನೋಯ್ಡಾ, ಗುರುಗ್ರಾಮಗಳ ಎಷ್ಟೋ ವಸತಿ ಸಮುಚ್ಚಯಗಳಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಕಾಣಕೂಡದೆಂಬ ಕಟ್ಟಪ್ಪಣೆ ಬೇರೆ. ಹೀಗಾಗಿ ಡ್ರೈಯರ್ ಮನೆ ಸೇರಿದೆ. ಸೇರಿದ್ದರಲ್ಲಿ ತಪ್ಪೇನಿಲ್ಲ. ಅದು ವಿಪರೀತ ಕಾದು ನಿಂತಾಗ ನಾವು ಮಾಡಿಸುವ ರಿಪೇರಿಯ ಬಗ್ಗೆ ನನ್ನ ತಕರಾರು.

ಆ ರಿಪೇರಿ ಹೀಗಿರುತ್ತದೆ: ಮೆಕ್ಯಾನಿಕ್ ಹಿಂಬದಿಯ ತಗಡು ಬಿಚ್ಚುತ್ತಾನೆ, ಥರ್ಮಲ್ ಫ್ಯೂಸ್ ಹೋಗಿದೆ ಎನ್ನುತ್ತಾನೆ, ಎರಡು ವೈರು ಜೋಡಿಸಿ ‘ಡೈರೆಕ್ಟ್’ ಮಾಡುತ್ತಾನೆ. ಮಷಿನ್ ತಿರುಗುತ್ತದೆ, ನಾವು ಖುಷಿಯಾಗಿ ದುಡ್ಡು ಕೊಡುತ್ತೇವೆ. ಕಾವಲುಗಾರ ಕೂಗಿದನೆಂದು ಅವನ ಬಾಯಿ ಕಟ್ಟಿ, ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ ಇದು.

ಒಳಗೆ ನಡೆಯುವುದನ್ನು ನೋಡಿ. ಹೀಟರ್ ಗಾಳಿಯನ್ನು ಕಾಯಿಸುತ್ತದೆ, ಫ್ಯಾನ್ ಅದನ್ನು ಡ್ರಮ್ಮಿನ ಮೂಲಕ ಓಡಿಸುತ್ತದೆ, ಗಾಳಿ ಬಟ್ಟೆಯ ತೇವ ಹೊತ್ತು ಆಚೆ ಹೋಗುತ್ತದೆ. ದಾರಿ ಕಟ್ಟಿತೋ, ಶಾಖ ಹೀಟರಿನ ಬಳಿಯೇ ಉಳಿದು ಏರುತ್ತದೆ. ಮೊದಲು ಥರ್ಮೋಸ್ಟಾಟ್ ಹೀಟರನ್ನು ಆರಿಸಿ ಹೊತ್ತಿಸಿ ಸಂಭಾಳಿಸುತ್ತದೆ. ಆಗ ಬಟ್ಟೆ ಸುಡುವಷ್ಟು ಬಿಸಿ, ಆದರೂ ಹಸಿ. ಅದಕ್ಕೂ ಮೀರಿದರೆ ಥರ್ಮಲ್ ಫ್ಯೂಸ್ ಕಡಿದುಕೊಳ್ಳುತ್ತದೆ. ಅದು ಒಮ್ಮೆ ಮಾತ್ರ ಕೆಲಸ ಮಾಡುವ ವಸ್ತು. ಕಾರಣ ಹುಡುಕದೆ ಹೊಸದು ಹಾಕಿದರೂ ಅದೂ ಹೋಗುತ್ತದೆ.

ಕಾರಣ ಸಾಮಾನ್ಯವಾಗಿ ಬಟ್ಟೆಯ ನೂಲುಧೂಳು. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರವರೆಗಿನ ಲೆಕ್ಕ ತೆಗೆದಾಗ, ಅಲ್ಲಿನ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳಿದ್ದವು. ಮುಖ್ಯ ಕಾರಣ, ಸ್ವಚ್ಛ ಮಾಡದಿರುವುದು.

ಹಾಗಾದರೆ ತಯಾರಕರ ತಪ್ಪೇ ಇಲ್ಲವೆ ಎಂದು ಕೇಳುವಿರಿ. ಇರುತ್ತದೆ. 2016ರ ಆಗಸ್ಟಿನಲ್ಲಿ ಲಂಡನ್ನಿನ ಶೆಫರ್ಡ್ಸ್ ಕೋರ್ಟ್ ಎಂಬ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ದೋಷವಿದ್ದ ಡ್ರೈಯರಿನಿಂದ. 2019ರಲ್ಲಿ ವರ್ಲ್‌ಪೂಲ್ ಬ್ರಿಟನ್ನಿನಲ್ಲಿ ಅಂಥ ಯಂತ್ರಗಳನ್ನು ಲಕ್ಷಗಟ್ಟಲೆ ವಾಪಸು ಪಡೆಯಬೇಕಾಯಿತು. ಅಲ್ಲಿಯ ದೋಷವೂ ನೂಲುಧೂಳು ಹೀಟರಿಗೆ ತಾಗುವುದೇ ಆಗಿತ್ತು. ತಯಾರಕರನ್ನು ಕೇಳೋಣ, ಆದರೆ ಜಾಲರಿ ಮಾತ್ರ ನಾವೇ ತೊಳೆಯಬೇಕು.

ಕಟ್ಟಡ ಕಟ್ಟುವವರನ್ನೂ ಬಿಡುವ ಹಾಗಿಲ್ಲ. ಲಕ್ಷಗಟ್ಟಲೆ ಸುರಿದು ಕೊಂಡ ಫ್ಲ್ಯಾಟಿನಲ್ಲಿ ಡ್ರೈಯರ್ ಕೊಳವೆಗೆ ನಾಲ್ಕಂಗುಲದ ತೂತಿಲ್ಲ. ಗಾಜು ಹಾಕಿ ಮುಚ್ಚಿದ ಬಾಲ್ಕನಿಯೊಳಗೇ ಬಿಸಿಗಾಳಿ ಬಿಡುತ್ತೇವೆ, ಮಷಿನ್ ಅದೇ ಒದ್ದೆ ಗಾಳಿಯನ್ನು ಮತ್ತೆ ಒಳಗೆಳೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಬಟ್ಟೆ ಒಣಗಿಸಿದ ಅಜ್ಜಿಯಂದಿರಿಗೆ ಈ ಪಾಠ ಬೇಕಿರಲಿಲ್ಲ. ಹೆಂಚಿನ ಸಂದಿಯಲ್ಲಿ ಹಬೆ ತಾನಾಗಿ ಹೋಗುತ್ತಿತ್ತು.

ಮಷಿನ್ ಕಾದರೆ ಮೊದಲು ಪ್ಲಗ್ ಕಿತ್ತು, ತಣ್ಣಗಾಗಲು ಬಿಡಿ. ಜಾಲರಿ ತೆಗೆದು ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಮೇಲೆಯೇ ನಿಂತರೆ ಬಟ್ಟೆಯ ಕಂಡೀಷನರ್ ಜಿಡ್ಡು ಕಟ್ಟಿದೆ ಎಂದರ್ಥ, ಸೋಪು ಹಾಕಿ ಬ್ರಷ್ಷಿನಿಂದ ತಿಕ್ಕಿ. ಕೊಳವೆ ಇದ್ದರೆ ಬಿಚ್ಚಿ ಒಳಗಿನ ನೂಲು ತೆಗೆಯಿರಿ, ಮಡಿಕೆ ಬಿದ್ದಿದ್ದರೆ ನೆಟ್ಟಗೆ ಮಾಡಿ. ಕಂಡೆನ್ಸರ್ ಮಾದರಿಯಾದರೆ, ಹೊರತೆಗೆಯಲು ಬರುವಂಥದ್ದಿದ್ದರೆ, ಅದನ್ನೂ ತೊಳೆಯಿರಿ. ದಿಲ್ಲಿಯ ಧೂಳಿಗೆ ಅದು ಬೇಗ ಕಟ್ಟುತ್ತದೆ. 2,000 ವಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಅದನ್ನು ಸಿಕ್ಕಿಸಬೇಡಿ, ಗೋಡೆಯ 16 ಆಂಪಿಯರ್ ಸಾಕೆಟ್ ಬೇಕು. ಚಳಿಗಾಲದಲ್ಲಿ ಮಗುವಿಗೆ ಸಾಸಿವೆ ಎಣ್ಣೆ ತಿಕ್ಕಿದ ಟವೆಲನ್ನು ಡ್ರೈಯರಿಗೆ ಹಾಕಲೇಬೇಡಿ. ಎಣ್ಣೆ ಮೆತ್ತಿದ ಬಟ್ಟೆ ಬಿಸಿಯಾದ ಮೇಲೆ ರಾಶಿಯಲ್ಲಿ ತಾನೇ ಕಾದು ಹೊತ್ತಿಕೊಳ್ಳಬಲ್ಲದು.

ಇಷ್ಟಾದರೂ ಕಾದರೆ ಥರ್ಮೋಸ್ಟಾಟ್ ಅಥವಾ ಫ್ಯಾನ್ ನೋಡುವುದು ಬಲ್ಲ ಮೆಕ್ಯಾನಿಕ್‌ನ ಕೆಲಸ. ಅವನು ‘ಡೈರೆಕ್ಟ್ ಮಾಡಿಬಿಡ್ತೀನಿ’ ಎಂದರೆ ಬೇಡ ಎನ್ನಿ. ಹಿಂದೆ ಯಾರಾದರೂ ಹಾಗೆ ಮಾಡಿದ್ದರೆ ಈ ವಾರವೇ ಸರಿಯಾದ ಫ್ಯೂಸ್ ಹಾಕಿಸಿ. ಸಂಘದ ಮುಂದಿನ ಸಭೆಯಲ್ಲಿ ಎರಡು ಬೇಡಿಕೆ ಇಡಿ: ಕೊಳವೆಗೆ ಗೋಡೆಯಲ್ಲಿ ತೂತು, ಬಾಲ್ಕನಿಯಲ್ಲಿ ಬಟ್ಟೆಗೆ ತಂತಿ. ಚೆಂದ ಕೆಡುತ್ತದೆಂದು ಯಾರಾದರೂ ಗೊಣಗಿದರೆ, ಹತ್ತನೆಯ ಮಹಡಿಯಿಂದ ಹೊಗೆ ಬಂದರೆ ಎಷ್ಟು ಚೆಂದ ಕಾಣುತ್ತದೆಂದು ಕೇಳಿ.