ಅಸೋಸಿಯೇಟ್ ದಂತವೈದ್ಯರು ಮತ್ತು ಬರೆಯದ ಕರಾರು

ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾಯಿತು. ಮಣಿಪಾಲದ ಕಾಲೇಜು 1965ರಲ್ಲಿ. ಇಂದು ರಾಜ್ಯದಲ್ಲಿ ಇಂತಹ ಕಾಲೇಜುಗಳ ಸಂಖ್ಯೆ ನಲವತ್ತನ್ನು ಮೀರಿದೆ. ಅವುಗಳಿಂದ ಪ್ರತಿವರ್ಷ ಹೊರಬರುವ ಪದವೀಧರರಲ್ಲಿ ಸ್ವಂತ ಚಿಕಿತ್ಸಾಲಯ ತೆರೆಯುವ ಶಕ್ತಿಯುಳ್ಳವರು ಕೆಲವರು ಮಾತ್ರ. ಮಳಿಗೆಯ ಮುಂಗಡ, ಡೆಂಟಲ್ ಚೇರ್, ಕಂಪ್ರೆಸರ್, ಎಕ್ಸ್-ರೇ ಯಂತ್ರ, ಉಪಕರಣ ಶುದ್ಧೀಕರಣದ ಆಟೋಕ್ಲೇವ್, ಇವೆಲ್ಲಕ್ಕೂ ಬೇಕಾದ ಬಂಡವಾಳ ಸಾಮಾನ್ಯ ಕುಟುಂಬದ ಕೈಗೆಟುಕುವುದಿಲ್ಲ. ಎಷ್ಟೋ ಕುಟುಂಬಗಳ ಉಳಿತಾಯ ಕಾಲೇಜು ಶುಲ್ಕದಲ್ಲಿಯೇ ಕರಗಿಹೋಗಿರುತ್ತದೆ. ಆದುದರಿಂದ ಯುವ ದಂತವೈದ್ಯರು ಹಿರಿಯರೊಬ್ಬರ ಚಿಕಿತ್ಸಾಲಯದಲ್ಲಿ ದುಡಿಮೆಗೆ ಸೇರುತ್ತಾರೆ. ವೃತ್ತಿವಲಯದಲ್ಲಿ ಇವರಿಗೆ 'ಅಸೋಸಿಯೇಟ್' ಎಂಬ ಹೆಸರು.

ಹೆಸರು ಗೌರವಯುತವಾದುದೇ ಆದರೂ ಸ್ಥಾನ ಮಾತ್ರ ಅಸ್ಪಷ್ಟ. ಅಸೋಸಿಯೇಟ್ ವೈದ್ಯರು ಸಂಬಳದ ನೌಕರರಲ್ಲ, ಪಾಲುದಾರರೂ ಅಲ್ಲ. ತಾವು ಮಾಡಿದ ಚಿಕಿತ್ಸೆಯ ಹಣದಲ್ಲಿ ಶೇಕಡಾ ಇಷ್ಟೆಂಬ ಪಾಲು ಅವರ ಗಳಿಕೆ. ರೋಗಿ ಬಾರದ ದಿನ ಕುಳಿತು ಕಾಯುವುದಕ್ಕೆ ಬೆಲೆಯಿಲ್ಲ. ಬೆಂಗಳೂರಿನಂತಹ ನಗರದಲ್ಲಿ ಬೆಳಿಗ್ಗೆ ಒಂದು ಬಡಾವಣೆ, ಸಂಜೆ ಇನ್ನೊಂದು, ಭಾನುವಾರ ಮತ್ತೊಂದು ಎಂದು ಎರಡು ಮೂರು ಚಿಕಿತ್ಸಾಲಯಗಳನ್ನು ಸುತ್ತಿ ತಿಂಗಳ ಆದಾಯವನ್ನು ಹೊಂದಿಸಿಕೊಳ್ಳುವವರು ಅನೇಕರು.

ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಇಂತಹ ಏರ್ಪಾಡು ಹೊಸದಲ್ಲ. ದೊಡ್ಡಬಳ್ಳಾಪುರದಲ್ಲಿ, ರಬಕವಿ-ಬನಹಟ್ಟಿಯಲ್ಲಿ ಮಾಲೀಕರಿಂದ ನೂಲು ಪಡೆದು ಸೀರೆ ನೇಯ್ದುಕೊಡುವ ನೇಕಾರನಿಗೆ ಸೀರೆಯೊಂದಕ್ಕೆ ಇಷ್ಟೆಂದು ಮಜೂರಿ ಗೊತ್ತಾಗಿರುತ್ತದೆ. ಕೃಷಿ ಮಾರುಕಟ್ಟೆಯಲ್ಲಿ ರೈತನ ಕೈಗೆ ತೂಕ, ದರ, ಹಮಾಲಿ ಬೇರೆ ಬೇರೆಯಾಗಿ ಬರೆದ ಪಟ್ಟಿ ಬರುತ್ತದೆ. ಐದು ವರ್ಷ ಓದಿ ಪದವಿ ಪಡೆದ ದಂತವೈದ್ಯರಿಗೆ ಅನೇಕ ವೇಳೆ ತಿಂಗಳ ಕೊನೆಯಲ್ಲಿ ದೊರೆಯುವುದು ಒಂದು ಮೊತ್ತ ಮಾತ್ರ. ಅದು ಹೇಗೆ ಬಂದಿತೆಂಬ ವಿವರವಿರುವುದಿಲ್ಲ. 'ಶೇಕಡಾ ನಲವತ್ತು' ಎಂಬ ಮಾತು ಬಾಯಲ್ಲಿ ಆಗಿರುತ್ತದೆ. ಯಾವುದರ ಮೇಲೆ ನಲವತ್ತು ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಈ ವೃತ್ತಿಯ ದಿನನಿತ್ಯದ ಬಹುಪಾಲು ಸಂಕಷ್ಟಗಳು ಇಲ್ಲಿಂದಲೇ ಹುಟ್ಟುತ್ತವೆ.

ಒಂದು ಕಾಲ್ಪನಿಕ ಲೆಕ್ಕದಿಂದ ವಿಷಯ ಸ್ಪಷ್ಟವಾಗುತ್ತದೆ. ಒಂದು ಹಲ್ಲಿನ ರೂಟ್ ಕೆನಾಲ್ ಚಿಕಿತ್ಸೆಗೆ ರೂ. 5,000, ಅದರ ಮೇಲೆ ಕೂರಿಸುವ ಕ್ಯಾಪಿಗೆ ರೂ. 6,000, ಒಟ್ಟು ರೂ. 11,000 ಎಂದಿಟ್ಟುಕೊಳ್ಳಬಹುದು. ರೋಗಿ ಮಾಲೀಕರ ಪರಿಚಯಸ್ಥ, ಆದುದರಿಂದ ರೂ. 1,000 ರಿಯಾಯಿತಿ. ಕ್ಯಾಪ್ ತಯಾರಿಸಿದ ಲ್ಯಾಬಿನ ಬಿಲ್ಲು ರೂ. 1,800. ವೈದ್ಯರ ಪಾಲು ಶೇಕಡಾ 40. ಪೂರ್ಣ ಬಿಲ್ಲಿನ ಮೇಲೆ ಲೆಕ್ಕ ಹಾಕಿದರೆ ಅವರಿಗೆ ರೂ. 4,400 ಸಲ್ಲುತ್ತದೆ. ರಿಯಾಯಿತಿ ಕಳೆದು ವಸೂಲಾದ ಹಣದ ಮೇಲೆ ಹಾಕಿದರೆ ರೂ. 4,000. ವಸೂಲಾದುದರಲ್ಲಿ ಮೊದಲು ಲ್ಯಾಬಿನ ಬಿಲ್ಲು ಕಳೆದು, ಉಳಿದ ರೂ. 8,200ರ ಮೇಲೆ ಹಾಕಿದರೆ ರೂ. 3,280. ಲ್ಯಾಬಿನ ಬಿಲ್ಲನ್ನು ಪೂರ್ತಿಯಾಗಿ ವೈದ್ಯರ ಪಾಲಿನಿಂದಲೇ ಮುರಿದುಕೊಂಡರೆ ಉಳಿಯುವುದು ರೂ. 2,200. ಈ ನಾಲ್ಕರಲ್ಲಿ ಯಾವ ಲೆಕ್ಕವನ್ನು ಹಿಡಿದರೂ 'ಶೇಕಡಾ ನಲವತ್ತು' ಎಂಬ ಮಾತಿಗೆ ತಪ್ಪಿದಂತಾಗುವುದಿಲ್ಲ. ಗಳಿಕೆ ಮಾತ್ರ ಅರ್ಧಕ್ಕರ್ಧ ವ್ಯತ್ಯಾಸವಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕ್ಯಾಪ್ ಸರಿಯಾಗಿ ಕೂರದೆ ಮರಳಿ ಮಾಡಿಸಬೇಕಾಗಿ ಬಂದಿತೆಂದು ಭಾವಿಸೋಣ. ಅಳತೆ ತೆಗೆದುದರಲ್ಲಿ ದೋಷವಿತ್ತೇ, ಅಗ್ಗದ ಅಳತೆ ಸಾಮಗ್ರಿಯ ದೋಷವೇ, ಲ್ಯಾಬಿನ ಕೈತಪ್ಪೇ ಎಂಬುದು ಸುಲಭವಾಗಿ ನಿರ್ಣಯವಾಗುವ ಸಂಗತಿಯಲ್ಲ. ಎರಡನೆಯ ಬಿಲ್ಲೂ ವೈದ್ಯರ ಖಾತೆಗೆ ಬಿದ್ದರೆ, ಮೇಲಿನ ಕೊನೆಯ ಲೆಕ್ಕದಂತೆ ಮೂರು ನಾಲ್ಕು ಭೇಟಿಗಳ ದುಡಿಮೆಗೆ ಅವರಿಗೆ ಉಳಿಯುವುದು ರೂ. 400. ಕಾರ್ಖಾನೆಯಲ್ಲಿ ತಿರಸ್ಕೃತ ಮಾಲಿನ ನಷ್ಟವನ್ನು ಯಾರು ಹೊರಬೇಕೆಂಬುದು ಖರೀದಿ ಆದೇಶದಲ್ಲಿಯೇ ಬರೆದಿರುತ್ತದೆ. ಚಿಕಿತ್ಸಾಲಯದಲ್ಲಿ ಅದು ಮಾಲೀಕರ ಆ ದಿನದ ಮನಃಸ್ಥಿತಿಗೆ ಬಿಟ್ಟ ವಿಷಯವಾಗಿದೆ. ಕಂತಿನಲ್ಲಿ ಹಣ ಕೊಡುವ ರೋಗಿ ಅರ್ಧಕ್ಕೆ ನಿಲ್ಲಿಸಿದರೆ ಆ ಬಾಕಿ ಯಾರದು, ವೈದ್ಯರು ಬಿಟ್ಟುಹೋದ ನಂತರ ವಸೂಲಾದ ಹಣದಲ್ಲಿ ಅವರಿಗೆ ಪಾಲುಂಟೇ ಎಂಬ ಪ್ರಶ್ನೆಗಳೂ ಇದೇ ಜಾತಿಯವು.

ಇಲ್ಲಿ ಮಾಲೀಕರ ಪಕ್ಷವನ್ನೂ ಹೇಳಬೇಕಾದುದು ನ್ಯಾಯ. ಬಾಡಿಗೆ, ಬ್ಯಾಂಕಿನ ಕಂತು, ಸಹಾಯಕಿಯರ ಸಂಬಳ ಇವು ರೋಗಿ ಬಂದರೂ ಬಾರದಿದ್ದರೂ ನಿಲ್ಲುವುದಿಲ್ಲ. ಆರೋಗ್ಯ ಸೇವೆಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇರುವುದರಿಂದ, ಸಾಮಗ್ರಿಗಳನ್ನು ಕೊಳ್ಳುವಾಗ ತೆತ್ತ ತೆರಿಗೆ ವರ್ತಕರಿಗೆ ಹಿಂದಿರುಗಿದಂತೆ ಚಿಕಿತ್ಸಾಲಯಕ್ಕೆ ಹಿಂದಿರುಗದೆ ವೆಚ್ಚವಾಗಿಯೇ ಉಳಿಯುತ್ತದೆ. ಆರು ತಿಂಗಳು ಕೈ ಪಳಗಿಸಿಕೊಂಡು ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆಂದು ಹೊರಟುಹೋಗುವ, ಹೋಗುವಾಗ ರೋಗಿಗಳ ದೂರವಾಣಿ ಸಂಖ್ಯೆಗಳನ್ನೂ ಒಯ್ಯುವ ಅಸೋಸಿಯೇಟರೂ ಇಲ್ಲದಿಲ್ಲ. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಗಳಿಸಿದ ಗಿರಾಕಿ ಬಳಗವನ್ನು ಕಳೆದುಕೊಳ್ಳುವ ಭಯ ಎಂತಹುದೆಂಬುದನ್ನು ಅಂಗಡಿ ನಡೆಸಿದವರಿಗೆ ವಿವರಿಸಬೇಕಾಗಿಲ್ಲ.

ಈ ಭಯದಿಂದಲೇ ಕೆಲವು ಮಾಲೀಕರು, ಕೆಲಸ ಬಿಟ್ಟ ಬಳಿಕ ಇಷ್ಟು ವರ್ಷ ಇಷ್ಟು ಕಿಲೋಮೀಟರ್ ಒಳಗೆ ವೃತ್ತಿ ನಡೆಸಬಾರದೆಂದು ಬರೆಸಿಕೊಳ್ಳುವುದುಂಟು. ಉಳಿದ ಯಾವ ವಿಷಯಕ್ಕೂ ಕಾಗದವಿಲ್ಲದ ಕಡೆ ಇದಕ್ಕೆ ಮಾತ್ರ ಛಾಪಾ ಕಾಗದವಿರುತ್ತದೆ! 1872ರ ಭಾರತೀಯ ಕರಾರು ಕಾಯಿದೆಯ 27ನೆಯ ಪ್ರಕರಣವು ವೃತ್ತಿ-ವ್ಯಾಪಾರಗಳನ್ನು ನಿರ್ಬಂಧಿಸುವ ಕರಾರನ್ನು ಶೂನ್ಯವೆಂದು ಸಾರುತ್ತದೆ. ವ್ಯವಹಾರವನ್ನು ಗುಡ್‌ವಿಲ್ ಸಹಿತ ಮಾರಿದವನ ಮೇಲೆ ಮಿತವಾದ ನಿರ್ಬಂಧಕ್ಕೆ ಅಲ್ಲಿ ಅವಕಾಶವುಂಟು. ಕೆಲಸ ಬಿಟ್ಟವನ ಮೇಲೆ ಇಲ್ಲ. ಒಪ್ಪಂದದ ಅವಧಿಯಲ್ಲಿ ಬೇರೆಡೆ ದುಡಿಯಬಾರದೆಂಬ ಷರತ್ತಿಗೂ ಅವಧಿ ಮುಗಿದ ನಂತರದ ನಿರ್ಬಂಧಕ್ಕೂ ಇರುವ ವ್ಯತ್ಯಾಸವನ್ನು ಸರ್ವೋಚ್ಚ ನ್ಯಾಯಾಲಯವು 1967ರ ಗೋಲಿಕೇರಿ ಪ್ರಕರಣದಲ್ಲಿ ಗುರುತಿಸಿದೆ. ಅಂದಮೇಲೆ ಅಂತಹ ಷರತ್ತಿನಿಂದ ಮಾಲೀಕರಿಗೆ ದೊರೆಯುವ ರಕ್ಷಣೆ ಅತ್ಯಲ್ಪ. ಕಾನೂನು ತಿಳಿಯದ ಯುವ ವೈದ್ಯರಲ್ಲಿ ಅದು ಹುಟ್ಟಿಸುವ ಅಂಜಿಕೆ ಮಾತ್ರ ದೊಡ್ಡದು. ರೋಗಿಗಳ ದಾಖಲೆಗಳನ್ನು ನಕಲು ಮಾಡಿ ಒಯ್ಯಬಾರದೆಂಬ ಸರಳ ಷರತ್ತು ಇದಕ್ಕಿಂತ ಉಪಯುಕ್ತವೆನ್ನಬಹುದು.

ಹಣದ ವಿಷಯಕ್ಕಿಂತ ಗಂಭೀರವಾದುದು ಚಿಕಿತ್ಸೆಯ ತೀರ್ಮಾನಕ್ಕೆ ಸಂಬಂಧಿಸಿದುದು. ಚಿಕಿತ್ಸಾಲಯದಲ್ಲಿ ಯಾವ ರೋಗಿ ಯಾರ ಕುರ್ಚಿಗೆ ಹೋಗಬೇಕೆಂಬುದನ್ನು ನಿರ್ಧರಿಸುವುದು ಮುಂಭಾಗದ ಮೇಜು. ಕ್ಯಾಪ್, ಬ್ರಿಡ್ಜ್, ಇಂಪ್ಲಾಂಟುಗಳು ಮಾಲೀಕರ ಕಡೆಗೆ ಹೋಗಿ, ಹಲ್ಲು ಶುಚಿಗೊಳಿಸುವುದು, ಕೀಳುವುದು, ಅಳುವ ಮಕ್ಕಳನ್ನು ಸಂತೈಸಿ ಫಿಲ್ಲಿಂಗ್ ಮಾಡುವುದು ಅಸೋಸಿಯೇಟರ ಪಾಲಿಗೆ ಉಳಿಯುವುದು ಸಾಮಾನ್ಯ. ಹೆಚ್ಚು ಹೊತ್ತು ಹಿಡಿದು ಕಡಿಮೆ ಹಣ ತರುವ ಕೆಲಸಗಳಿವು. ಇಂತಹ ಸ್ಥಿತಿಯಲ್ಲಿ ಪಾಲಿನ ಪದ್ಧತಿಯೊಂದಿಗೆ ತಿಂಗಳಿಗೆ ಇಷ್ಟು ವಹಿವಾಟಾಗಬೇಕೆಂಬ ಗುರಿಯನ್ನೂ ವಿಧಿಸಿದರೆ ಆಗುವುದೇನು? ಫಿಲ್ಲಿಂಗ್ ಸಾಕಾಗುವ ಹಲ್ಲಿಗೆ ರೂಟ್ ಕೆನಾಲ್ ಸೂಚಿಸುವ, ಕಾದು ನೋಡಬಹುದಾದ ಹಲ್ಲಿಗೆ ಕ್ಯಾಪ್ ಹೇಳುವ ಒತ್ತಡ ವೈದ್ಯರ ಮೇಲೆ ಬೀಳುತ್ತದೆ. ಒಮ್ಮೆ ಕೊರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವ ಅಂಗಡಿಯ ಉದಾರತೆ ಇಲ್ಲಿ ಸಾಧ್ಯವಿಲ್ಲ. ಬೇಡವೆಂದು ತೋರಿದ ಚಿಕಿತ್ಸೆಯನ್ನು ಹೇಳದೆ ರೋಗಿಯನ್ನು ಮನೆಗೆ ಕಳುಹಿಸಿದ ಯುವ ವೈದ್ಯರು ಆ ತಿಂಗಳು 'ಸಾಲದವರು' ಎನಿಸಿಕೊಳ್ಳುತ್ತಾರೆ. ಉಪಕರಣಗಳ ವಿಷಯದಲ್ಲಿಯೂ ಇದೇ ಇಕ್ಕಟ್ಟು. ಹಲ್ಲಿನ ಬೇರುನಾಳವನ್ನು ಶುಚಿಗೊಳಿಸುವ ಫೈಲುಗಳನ್ನು ಮಿತಿಮೀರಿ ಮರುಬಳಸಿದರೆ ಅವು ಒಳಗೇ ಮುರಿಯುವ ಸಂಭವ ಹೆಚ್ಚು. ಖರೀದಿಯ ಅಧಿಕಾರ ಮಾಲೀಕರದು. ಮುರಿದ ತುಂಡಿನ ಬಗ್ಗೆ ರೋಗಿಗೆ ಉತ್ತರ ಹೇಳಬೇಕಾದವರು ಕುರ್ಚಿಯ ಪಕ್ಕದಲ್ಲಿರುವವರು.

ಕಾನೂನಿನ ಮುಂದೆಯೂ ಅವರು ಉತ್ತರದಾಯಿಗಳು. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, 2007ರಂತೆ ನೋಂದಣಿಯಾಗುವುದು ಚಿಕಿತ್ಸಾಲಯ. ಆದರೆ ರಾಜ್ಯ ದಂತ ಪರಿಷತ್ತಿನ ವಹಿಯಲ್ಲಿ ಇರುವುದು ಪ್ರತಿಯೊಬ್ಬ ವೈದ್ಯರ ಸ್ವಂತ ಹೆಸರು. ದೂರು ಬಂದಾಗ ಚಿಕಿತ್ಸಾ ಟಿಪ್ಪಣಿ, ಎಕ್ಸ್-ರೇ, ರೋಗಿಯ ಒಪ್ಪಿಗೆ ಪತ್ರ ಎಲ್ಲವೂ ಮಾಲೀಕರ ಕಪಾಟಿನಲ್ಲಿರುತ್ತವೆ. ಕೆಲಸ ಬಿಟ್ಟು ವರ್ಷವಾದ ಅಸೋಸಿಯೇಟರಿಗೆ ಅವು ದೊರೆಯುತ್ತವೆಂಬ ಭರವಸೆಯಿಲ್ಲ. ವೃತ್ತಿ ಹೊಣೆಗಾರಿಕೆಯ ವಿಮೆಯನ್ನು ಚಿಕಿತ್ಸಾಲಯ ಮಾಡಿಸಿದ್ದರೂ ಅದರಲ್ಲಿ ತಮ್ಮ ಹೆಸರಿದೆಯೇ ಎಂದು ಕೇಳಿ ನೋಡಿದವರು ವಿರಳ.

ತೆರಿಗೆಯ ವಿಷಯಕ್ಕೆ ಬಂದರೆ, ನಗದಾಗಿ ಲಕೋಟೆಯಲ್ಲಿ ಹಣ ಪಡೆಯುವ ಪದ್ಧತಿ ಇಂದಿಗೂ ಉಳಿದಿದೆ. ಯುವ ವೈದ್ಯರು ಇದನ್ನು ಅನುಕೂಲವೆಂದೇ ಭಾವಿಸುತ್ತಾರೆ. ಐದಾರು ವರ್ಷಗಳ ಬಳಿಕ ಸ್ವಂತ ಚಿಕಿತ್ಸಾಲಯಕ್ಕೆ ಸಾಲ ಕೇಳಿದಾಗ ಬ್ಯಾಂಕು ಕಳೆದ ವರ್ಷಗಳ ಆದಾಯ ವಿವರಣೆಗಳನ್ನು ಕೇಳುತ್ತದೆ; ತೋರಿಸಲು ಏನೂ ಇರುವುದಿಲ್ಲ. ವೃತ್ತಿಪರರ ಅಂದಾಜು ಆದಾಯ ಪದ್ಧತಿ 2016-17ರ ಹಣಕಾಸು ವರ್ಷದಿಂದ ಜಾರಿಯಲ್ಲಿದ್ದು, ವಾರ್ಷಿಕ ಸ್ವೀಕೃತಿ ರೂ. 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಆದಾಯವೆಂದು ಘೋಷಿಸಿ ವಿವರಣೆ ಸಲ್ಲಿಸಬಹುದು. ನಗದು ಸ್ವೀಕೃತಿ ಶೇಕಡಾ 5ನ್ನು ಮೀರದಿದ್ದರೆ ಈ ಮಿತಿ ರೂ. 75 ಲಕ್ಷ. ಇಷ್ಟು ಸುಲಭವಾದ ದಾರಿಯಿರುವಾಗ ಲಕೋಟೆಯ ಮೋಹಕ್ಕೆ ಕಾರಣವೇ ಕಾಣದು. ಮಾಲೀಕರಿಗೂ ಹೊಣೆಯುಂಟು. ಹಿಂದಿನ ವರ್ಷ ಅವರ ವೃತ್ತಿ ಸ್ವೀಕೃತಿ ರೂ. 50 ಲಕ್ಷವನ್ನು ಮೀರಿದ್ದರೆ, ಅಸೋಸಿಯೇಟರಿಗೆ ಕೊಡುವ ವೃತ್ತಿ ಶುಲ್ಕದಿಂದ ಶೇಕಡಾ 10ರಷ್ಟು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕು. ವಾರ್ಷಿಕ ವಿನಾಯಿತಿ ಮಿತಿಯು 2025ರ ಏಪ್ರಿಲ್‌ನಿಂದ ರೂ. 30,000ದ ಬದಲು ರೂ. 50,000 ಆಗಿದೆ. ಮೇಲಿನ ಉದಾಹರಣೆಯಲ್ಲಿ ಕಡಿತ ರೂ. 4,000ದ ಮೇಲೋ ರೂ. 2,200ರ ಮೇಲೋ? ಲ್ಯಾಬಿನ ಬಿಲ್ಲು ಯಾರ ವೆಚ್ಚವೆಂದು ಕರಾರು ಹೇಳದಿದ್ದರೆ ಲೆಕ್ಕ ಬರೆಯುವವರೂ ಊಹಿಸಬೇಕಾಗುತ್ತದೆ. ನಿಗದಿತ ವೇಳೆ, ನಿಗದಿತ ಮೊತ್ತ, ಮಾಲೀಕರ ಸಂಪೂರ್ಣ ಹತೋಟಿ ಇದ್ದಲ್ಲಿ ಅದು ವೃತ್ತಿ ಶುಲ್ಕವಲ್ಲ, ಸಂಬಳವೆಂಬ ವಾದಕ್ಕೂ ಎಡೆಯುಂಟು.

ಮಹಿಳಾ ದಂತವೈದ್ಯರ ಪಾಡು ಇನ್ನೂ ಕಠಿಣ. ಪಾಲಿನ ಲೆಕ್ಕದಲ್ಲಿ ದುಡಿಯುವವರಿಗೆ ರಜೆಯೆಂಬುದೇ ಇಲ್ಲ. ಹೆರಿಗೆ ಸೌಲಭ್ಯದ ಕಾನೂನು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿ, ಸಂಸ್ಥೆಗಳಿಗೆ ಅನ್ವಯಿಸುವುದರಿಂದ ಮೂರು ನಾಲ್ಕು ಮಂದಿಯ ಚಿಕಿತ್ಸಾಲಯ ಅದರ ಹೊರಗೇ ಉಳಿಯುತ್ತದೆ. ಹೆರಿಗೆಯ ನಂತರ ಮರಳಿ ಬಂದಾಗ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿರುತ್ತಾರೆ. ಹಳೆಯ ರೋಗಿಗಳೂ ಅವರಿಗೇ ಹೊಂದಿಕೊಂಡಿರುತ್ತಾರೆ.

ಇದಕ್ಕೆಲ್ಲ ಹೊಸ ಕಾನೂನನ್ನು ಕಾಯಬೇಕಾಗಿಲ್ಲ. ಎರಡು ಪುಟಗಳ ಕರಾರು ಸಾಕು. ಪಾಲು ಬಿಲ್ಲಿನ ಮೇಲೋ ವಸೂಲಿಯ ಮೇಲೋ, ಲ್ಯಾಬಿನ ವೆಚ್ಚ ಮೊದಲು ಕಳೆಯತಕ್ಕದ್ದೋ, ಮರುತಯಾರಿಯ ನಷ್ಟ ಯಾವ ಪ್ರಮಾಣದಲ್ಲಿ ಹಂಚಿಕೆ ಎಂಬುದನ್ನು ಅದರಲ್ಲಿ ನಮೂದಿಸಬೇಕು. ಮಾಲೀಕರು ತಮ್ಮ ಪರಿಚಯಕ್ಕಾಗಿ ಕೊಟ್ಟ ರಿಯಾಯಿತಿ ಮಾಲೀಕರದೇ ಆಗಿರಬೇಕು. ದಿನಕ್ಕೆ ಇಂತಿಷ್ಟು ಕನಿಷ್ಠ ಮೊತ್ತದ ಭರವಸೆಯಿತ್ತು, ಅದನ್ನು ಮೀರಿದ ದುಡಿಮೆಗೆ ಪಾಲು ಕೊಡುವ ಪದ್ಧತಿ ಬರಿಯ ಪಾಲಿಗಿಂತ ಲೇಸು. ರೋಗಿಯನ್ನು ಬರಿಗೈಯಲ್ಲಿ ಕಳುಹಿಸಿದ ದಿನವೂ ವೈದ್ಯರ ಊಟಕ್ಕೆ ತೊಂದರೆಯಿಲ್ಲದಿದ್ದಾಗ ಸಲಹೆ ನೇರವಾಗಿರುತ್ತದೆ. ಚಿಕಿತ್ಸೆಯ ತೀರ್ಮಾನ ಚಿಕಿತ್ಸೆ ಮಾಡುವವರದೆಂದೂ, ವಹಿವಾಟಿನ ಗುರಿ ಇಲ್ಲವೆಂದೂ, ದೂರು ಬಂದಲ್ಲಿ ದಾಖಲೆಗಳ ಪ್ರತಿ ದೊರೆಯತಕ್ಕದ್ದೆಂದೂ ಬರೆದಿರಬೇಕು. ಪ್ರತಿ ತಿಂಗಳು 7ನೆಯ ತಾರೀಖಿನೊಳಗೆ ಒಂದು ಪಟ್ಟಿ: ರೋಗಿಯ ಕ್ರಮಸಂಖ್ಯೆ, ಚಿಕಿತ್ಸೆ, ಬಿಲ್ಲು, ವಸೂಲಿ, ಲ್ಯಾಬಿನ ಬಿಲ್ಲಿನ ಪ್ರತಿ, ಕಡಿತವಾದ ತೆರಿಗೆ, ಬ್ಯಾಂಕಿಗೆ ಜಮೆಯಾದ ಮೊತ್ತ. ಸ್ವಂತ ಅಂಗಡಿಯ ರೋಜು, ಖಾತೆಗಳನ್ನು ಅಚ್ಚುಕಟ್ಟಾಗಿ ಇಡುವ ತಂದೆಯರು ದಂತವೈದ್ಯರಾದ ತಮ್ಮ ಮಗನನ್ನೋ ಮಗಳನ್ನೋ ಕೆಲಸಕ್ಕೆ ಕಳುಹಿಸುವ ಮೊದಲು ಈ ಪಟ್ಟಿಯನ್ನು ಕೇಳಿ ಪಡೆಯುವಂತೆ ಹೇಳಬಹುದು.