ಮೇಣ ಕರಗಿದ ಮೇಲೆ

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಕಡೆ, ಹೇರೋಹಳ್ಳಿಯುಂಟು. ಹಳ್ಳಿಯೆಂಬುದು ಹೆಸರಿನಲ್ಲಷ್ಟೇ, ಊರು ನಗರದೊಳಗೆ ಸೇರಿಹೋಗಿದೆ. ಅಲ್ಲೊಂದು ಕೆರೆಯಿದೆ, ತುಸು ದೂರದಲ್ಲಿ ಪೀಣ್ಯದ ಕಾರ್ಖಾನೆಗಳು. ನೂರು ತುಣುಕುಗಳೂ ಒಂದೇ ತೆರನಾಗಿದ್ದರೆ ಕಾರ್ಖಾನೆಯಲ್ಲಿ ಲೋಹಕ್ಕೆ ಮರ್ಯಾದೆ. ಅದೇ ಲೋಹವು ಹಕ್ಕಿಯಾಗಿ, ಎಲೆಯಾಗಿ, ಹಾವಾಗಿ ಮನುಷ್ಯನ ಮನಸ್ಸನ್ನು ನುಡಿಯಬಲ್ಲುದೆ?

ನಮ್ಮ ಹರಕೆಗಳನ್ನೇ ನೋಡಬಹುದು. ಮಗುವಿಗೆ ಬೇನೆ ಬಂದಾಗ ತಾಯಿ ಹೊತ್ತ ಹರಕೆ ಬೆರಳುದ್ದದ ಬೆಳ್ಳಿಯ ನಾಗನಾಗಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಸಲ್ಲುತ್ತದೆ. ಹೆಡೆಯ ಗೆರೆಗಳು ಅಡ್ಡಾದಿಡ್ಡಿಯಾಗಿರಬಹುದು. ಆದರೂ ಅದನ್ನು ಸೆರಗಿನ ತುದಿಯಲ್ಲಿ ಗಂಟುಹಾಕಿಕೊಂಡು ಘಟ್ಟವಿಳಿಯುವವಳಿಗೆ ಅದರ ತೂಕವೇ ಬೇರೆ.

ಅಲ್ಲಿನ ಭಾವ ಕೊಂಡವಳದು. ಮಾಡಿದವನ ಭಾವವೂ ಲೋಹದಲ್ಲಿ ನಿಲ್ಲಬೇಕಾದರೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅದರ ವಿಧಾನವನ್ನು ಬಿಡಿಸಿ ಹೇಳಿದೆ. ಮೊದಲು ಮೇಣದಲ್ಲಿ ಮೂರ್ತಿಯನ್ನು ತಿದ್ದಬೇಕು. ಹೊಟ್ಟಿನ ಕರಿ, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಸೇರಿಸಿ ನುಣ್ಣಗೆ ಅರೆದ ಮಣ್ಣನ್ನು ತೆಳುವಾಗಿ ಬಳಿದು ನೆರಳಿನಲ್ಲಿ ಒಣಗಿಸಬೇಕು. ಆಮೇಲೆ ಎರಡನೆಯ ಲೇಪ, ಮೂರನೆಯ ಲೇಪ. ಬೆಂಕಿಗೊಡ್ಡಿದಾಗ ಮೇಣ ಕರಗಿ ಹರಿದುಹೋಗುತ್ತದೆ. ಬರಿದಾದ ಆ ತಾವಿಗೆ ಕರಗಿದ ಲೋಹ ಇಳಿಯುತ್ತದೆ. ಮೇಣದ ತೂಕಕ್ಕೆ ಬೆಳ್ಳಿಯಾದರೆ 12ರಷ್ಟು, ಚಿನ್ನವಾದರೆ 16ರಷ್ಟು ಬೇಕೆಂದು ಅರಸನ ಲೆಕ್ಕ.

ಮೇಣವು ಬಲು ಮೆತ್ತಗಿನ ವಸ್ತು. ಬೆರಳಿನ ಒತ್ತು, ಉಗುರಿನ ಗೀರು, ಒಂದು ಗಳಿಗೆಯ ಹಿಂಜರಿಕೆ ಎಲ್ಲವನ್ನೂ ಅದು ಹಿಡಿದಿಡುತ್ತದೆ. ಮಣ್ಣು ಅದನ್ನು ಹಾಗೆಯೇ ಲೋಹಕ್ಕೆ ಒಪ್ಪಿಸುತ್ತದೆ. ಮೂರ್ತಿಯನ್ನು ಹೊರತೆಗೆಯಲು ಅಚ್ಚನ್ನು ಒಡೆಯಲೇಬೇಕು. ಮೇಣವಂತೂ ಆಗಲೇ ಹೋಗಿರುತ್ತದೆ. ಎರಕ ಕೆಟ್ಟಿತೋ, ಆ ಹಕ್ಕಿ ಮತ್ತೆ ಹುಟ್ಟದು. ದೇವತಾಮೂರ್ತಿಗೆ ಶಾಸ್ತ್ರದ ತಾಳಮಾನವುಂಟು. ಅಂಗೈಯಷ್ಟಿನ ಹಕ್ಕಿಯನ್ನು ಯಾವ ಶಾಸ್ತ್ರವೂ ಅಷ್ಟಾಗಿ ಕಟ್ಟಿಹಾಕದು. ಕೊರಳು ಒಂದು ನೂಲು ಬಾಗಿದರೂ ಅದರ ಅಳಲು ನೋಡುವವರಿಗೆ ತಾಗುತ್ತದೆ.

ಎರಕವೊಂದೇ ದಾರಿಯಲ್ಲ. 1941ರಲ್ಲಿ ಮೈಸೂರಿನಲ್ಲಿ ಜನಿಸಿದ ಕಲಾವಿದ ಎಸ್. ಜಿ. ವಾಸುದೇವ್ ಅವರು ಬಣ್ಣದ ಜೊತೆಗೆ ತಾಮ್ರದ ತಗಡನ್ನೂ ಕೈಗೆತ್ತಿಕೊಂಡು ಉಬ್ಬುಶಿಲ್ಪಗಳನ್ನು ರಚಿಸಿದರು. ಮದರಾಸಿನ ಬಳಿ 1966ರಲ್ಲಿ ನೆಲೆಗೊಂಡ ಚೋಳಮಂಡಲ ಕಲಾಗ್ರಾಮದ ಸ್ಥಾಪಕರಲ್ಲಿ ಅವರೂ ಒಬ್ಬರು. ಬೇಂದ್ರೆಯವರ ಕಾವ್ಯದಿಂದ ಚಿಗುರಿದ ವೃಕ್ಷವು ಅವರ ಕಲೆಯಲ್ಲಿ ಮತ್ತೆ ಮತ್ತೆ ಮೈದೋರಿತು. ತಗಡನ್ನು ಹಿಂದಿನಿಂದ ತಟ್ಟಿದರೆ ಮುಂದೆ ಉಬ್ಬೇಳುತ್ತದೆ. ಬಡಿದಂತೆಲ್ಲ ತಾಮ್ರ ಬಿರುಸಾಗುವುದು. ಆಗ ಕಾಯಿಸಿ ಮೆದುಗೊಳಿಸದೆ ಮುಂದುವರಿದರೆ ಸೀಳುವುದು. ಅವಸರದ ಕೈಗೆ ಒಲಿಯುವ ಕೆಲಸವಲ್ಲ.

ಇನ್ನು ಗೃಹಿಣಿಯರಲ್ಲಿ ಒಂದು ಬಿನ್ನಹ. ದೇವರ ಮನೆಯಲ್ಲಿ ಹಿರಿಯರ ಕಾಲದ ಹಿತ್ತಾಳೆಯ ಗಿಳಿಯೋ ನಾಗನೋ ಇದ್ದರೆ, ವಾರವಾರವೂ ಹುಣಿಸೆಹಣ್ಣು, ಬೂದಿ ಹಾಕಿ ಬಲವಾಗಿ ತಿಕ್ಕಬೇಡಿ. ಹೊಳಪು ಬರುತ್ತದೆ, ನಿಜ. ಆದರೆ ಎಂದೋ ಮೇಣದ ಮೇಲೆ ಮೂಡಿದ್ದ ಆ ಉಗುರಿನ ಗೀರು ಮೊದಲು ಸವೆದುಹೋಗುತ್ತದೆ.